ಬೆಟ್ಟದಾವರೆಯ ಬಣ್ಣ

"ಏಳ್ರೀ, ಚನ್ನಕ್ಕ ಬೇಲಿ ಹತ್ರ ಬಂದು ನಿಂತವ್ರೆ," ಎಂದು ಶಕುಂತಲಮ್ಮ ಗಂಡನ ಕಂಬಳಿ ಎಳೆದರು.

ಶಿವಶಂಕರಪ್ಪ ಕಣ್ಣು ಬಿಡದೆಯೇ ಮೀಸೆ ಮುಟ್ಟಿ ನೋಡಿಕೊಂಡರು. ಇನ್ನೂ ಇತ್ತು.

ಶನಿವಾರಸಂತೆಯಲ್ಲಿ ಅವರದು ಏಲಕ್ಕಿ ವ್ಯಾಪಾರ. ಕೊಡಗು ರಾಜ್ಯ ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಅಂಗಡಿ ಜಗಲಿಯಲ್ಲಿ ಸರಿಹೊತ್ತಿನವರೆಗೆ ವಾದಿಸುವುದು, ಬಿಸಿಲೇರಿದ ಮೇಲೆ ಏಳುವುದು ಅಭ್ಯಾಸ. ಪಕ್ಕದ ಮನೆಯ ಚನ್ನಬಸಮ್ಮ, "ಹಾಲಿನಂಥ ಬಿಳಿ ಹೂವು, ಪೂಜೆಗಾಗ್ತದೆ," ಎಂದು ಕೊಟ್ಟ ಬೆಟ್ಟದಾವರೆಯ ಕಡ್ಡಿ ಈ ಸಲ ಹೂ ಬಿಟ್ಟಿತ್ತು. ಇವರು ಎದ್ದು ನೋಡಿದಾಗಲೆಲ್ಲ ಅದು ಗುಲಾಬಿ ಬಣ್ಣ. ಮುದುಕಿ ಸುಳ್ಳುಬುರುಕಿ ಎಂದು ಸಂತೆಯಿಡೀ ಸಾರಿದ್ದರು. ಆಕೆ ನಿನ್ನೆ ಅಂಗಡಿಗೇ ಬಂದು, "ಹೊತ್ತು ಮೂಡೋ ಮುಂಚೆ ಎದ್ದು ನೋಡು," ಎಂದಾಗ, "ಬಿಳೀ ಇದ್ರೆ ಮೀಸೆ ಬೋಳಿಸ್ತೀನಿ," ಎಂದು ನಾಲ್ಕು ಜನರೆದುರು ಅಂದುಬಿಟ್ಟಿದ್ದರು.

ಕಂಬಳಿ ಹೊದ್ದು ಹಿತ್ತಲಿಗಿಳಿದವರು ಮೆಟ್ಟಿಲಲ್ಲೇ ನಿಂತರು. ಮಂಜು ಸೊಂಟದೆತ್ತರಕ್ಕೆ ನಿಂತಿತ್ತು. ಜೇಡರ ಬಲೆಗಳ ಎಳೆ ಎಳೆಗೂ ಇಬ್ಬನಿ. ಬಾಳೆಯ ಹೂವಿಗೆ ತಲೆಕೆಳಗಾಗಿ ಜೋತುಬಿದ್ದ ಪುಟ್ಟ ಹಕ್ಕಿಯೊಂದು ಜೇನು ಹೀರುತ್ತಿತ್ತು. ತಮ್ಮದೇ ಹಿತ್ತಲಿಗೆ ಅವರು ನೆಂಟರಂತೆ ಬಂದಿದ್ದರು.

ಗಿಡದ ತುಂಬ ಹೂ. ಎಲ್ಲವೂ ಬಿಳಿ.

"ಏನ್ ಬಣ್ಣ ಶಂಕ್ರಪ್ಪ?" ಬೇಲಿಯಾಚೆಯಿಂದ ಚನ್ನಬಸಮ್ಮ ಕೇಳಿದರು.

"ಮಂಜು ಕೂತು ಬೆಳ್ಳಗೆ ಕಾಣ್ತಿರ್ಬೇಕು ಅಕ್ಕ."

"ಒರೆಸಿ ನೋಡು."

ಕಂಬಳಿಯ ತುದಿಯಿಂದ ನಿಜಕ್ಕೂ ಒಂದು ಎಸಳು ಒರೆಸಿದರು. ಬಿಳಿಯೇ. ಹೆಂಡತಿಯತ್ತ ತಿರುಗಿ, "ನಿಂಗೆ ಗೊತ್ತಿತ್ತಾ?" ಎಂದರು.

"ಬೆಳಿಗ್ಗೆ ಬಿಳಿ, ಬಿಸಿಲಿಗೆ ಕೆಂಪು ಅಂತ ದಿನಾ ಹೇಳ್ತೀನಿ. ಗೊರಕೇಲೇ ಹೂಂ ಅಂತೀರಿ."

ಚನ್ನಬಸಮ್ಮ ಮೊದಲೇ ಹೇಳಿಕಳಿಸಿದ್ದ ಕ್ಷೌರದ ಸಣ್ಣಸ್ವಾಮಿ ಪೆಟ್ಟಿಗೆ ಹಿಡಿದು ಬಂದ. ಶಿವಶಂಕರಪ್ಪ ಗಿಡದೆದುರು ಮಣೆ ಹಾಕಿಸಿ ಕೂತರು. ಅವನು ಸೋಪು ಹಚ್ಚಿ ಕತ್ತಿ ತೆರೆದ.

"ತಡಿಯೋ. ಇದು ಬಣ್ಣ ತಿರುಗೋದು ನೋಡ್ತೀನಿ, ಆಮೇಲೆ ಬೋಳಿಸು."

"ಅಯ್ಯೋ, ನನ್ನಂಗಡೀಲಿ ಜನ ಕಾಯ್ತವ್ರೆ ಸ್ವಾಮಿ!"

"ಕಾಯ್ಲಿ."

"ಇಷ್ಟು ವರ್ಷ ಆಯ್ತು, ಅದು ತಿರುಗೋ ಗಳಿಗೆ ನಂಗೂ ಸಿಕ್ಕಿಲ್ಲ ಕಣಪ್ಪ," ಎನ್ನುತ್ತ ಚನ್ನಬಸಮ್ಮ ಬೇಲಿ ದಾಟಿ ಬಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಒಲೆ ಮೇಲಿನ ಹಾಲು ಮರೆತು ಶಕುಂತಲಮ್ಮನೂ ಕೂತರು.

ಮಂಜು ಸರಿಯಿತು. ಒಂದು ಎಸಳಿನ ಅಂಚಿನಲ್ಲಿ ಮೂಡಿದ್ದು ಕೆಂಪೋ, ಬರಿಯ ಎಳೆಬಿಸಿಲೋ, ಹೇಳುವಂತಿರಲಿಲ್ಲ. ಸಣ್ಣಸ್ವಾಮಿಯೂ ತೆರೆದ ಕತ್ತಿ ಹಿಡಿದೇ ಬಗ್ಗಿ ನೋಡುತ್ತಿದ್ದ. ಮೀಸೆಯ ಮೇಲೆ ಸೋಪು ಒಣಗಿ ಸಣ್ಣಗೆ ಬಿರುಕು ಬಿಡುತ್ತಿತ್ತು.