ಕರೆದವರದ್ದು ಬಾಡಿಗೆ

ಬಾಟಲಿಯೊಳಗೆ ಒಂದು ಗುಳ್ಳೆ ಏಳುತ್ತದೆ, ಮೇಲೆ ಹೋಗಿ ಒಡೆಯುತ್ತದೆ, ಇನ್ನೊಂದು ಏಳುವಷ್ಟರಲ್ಲಿ ಪ್ರಣೀತಾಳಿಗೆ ಉಸಿರು ಬಿಡುವುದೇ ಮರೆತುಹೋಗಿರುತ್ತದೆ — ಫೋನಿನಲ್ಲಿ ತನ್ನ ದನಿ ಎಳೆ ಮಕ್ಕಳ ದನಿಯ ಹಾಗೆ ಕೇಳುತ್ತದೆ, ಇದ್ದ ಹೆದರಿಕೆ ಅದೊಂದೇ, ಬೇರೇನೂ ಅಲ್ಲ, ಇಷ್ಟು ದೊಡ್ಡದಕ್ಕೆ ಕಾರಣ ಇಷ್ಟು ಸಣ್ಣದು ಎಂದು ತನಗೆ ತಾನೇ ಒಪ್ಪಿಕೊಂಡದ್ದು ಈಗ, ಮಧ್ಯಾಹ್ನ ಒಂದೂವರೆಗೆ, ದನದ ಹಟ್ಟಿಯ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಕ್ಯಾಲ್ಸಿಯಂ ಬಾಟಲಿಯನ್ನು ತಲೆಕೆಳಗಾಗಿ ಹಿಡಿದುಕೊಂಡು. ಮೇಲೆ ಎತ್ತುಕಾಗ ಮಗಾ, ಮದ್ದು ಬೇಗ ಇಳಿದ್ರೆ ಎದೆ ನಿಂತೋತ್ತ್, ಎಂದಿದ್ದಾರೆ ಸುಧಾಕರ ಡಾಕ್ಟರು, ಹಾಗಾಗಿ ಕೈಯನ್ನು ತನ್ನ ಹೆಗಲಿನ ಮಟ್ಟದಲ್ಲೇ ಇಟ್ಟಿದ್ದಾಳೆ, ಹೆಗಲು ಜೋಮು ಹಿಡಿದಿದೆ, ಕೊಳವೆ ಮಂಗಳಿಯ ಕುತ್ತಿಗೆಯ ನರದೊಳಗೆ ಹೋಗಿದೆ, ಮಂಗಳಿಯ ಕುತ್ತಿಗೆಯೋ ಬೆಳಿಗ್ಗೆಯಿಂದ ಹೊಟ್ಟೆಯ ಬದಿಗೇ ಮಡಚಿಕೊಂಡು, ತನ್ನ ಹೊಟ್ಟೆಯೊಳಗೆ ಇನ್ನೂ ಯಾರೋ ಮಾತಾಡುತ್ತಿದ್ದಾರೆ, ಅದನ್ನು ಕಿವಿಗೊಟ್ಟು ಕೇಳುತ್ತಿದ್ದೇನೆ ಎಂಬ ಹಾಗೆ. ಹೊಟ್ಟೆಯೊಳಗೆ ಯಾರೂ ಇಲ್ಲ, ನಿನ್ನೆಯೇ ಹೊರಗೆ ಬಂದಾಗಿದೆ, ಹೆಣ್ಣು ಕರು, ಮೂಲೆಯಲ್ಲಿ ಕಟ್ಟಿದ ಕಡೆ ನಿಂತು ಕಾಲು ಇನ್ನೂ ಸರಿಯಾಗಿ ಊರಲು ಬಾರದೆ ಗೋಡೆಗೆ ಒರಗುತ್ತದೆ. ಒಂದು ಗುಳ್ಳೆ. ಅಮ್ಮ ಆಚೆ ಬದಿ ಕೂತು ಮಂಗಳಿಯ ಕಿವಿ ಉಜ್ಜುತ್ತಿದ್ದಾಳೆ, ಕಿವಿ ತಣ್ಣಗೆ, ಬಾವಿಕಟ್ಟೆಯ ಕಲ್ಲಿನ ಹಾಗೆ, ಬೆಳಿಗ್ಗೆ ಆರೂವರೆಗೇ ಹಾಗಿತ್ತು, ಆರೂವರೆಗೆ ಗೊತ್ತಿತ್ತು.

ಆರೂವರೆಗೆ ಅಮ್ಮ ಹಟ್ಟಿಯಿಂದ ಕೂಗಿದ್ದು, ಹೆಣೆ, ಗಂಟಿ ಏಳುದೇ ಇಲ್ಲ ಮಾರಾಯ್ತಿ, ಮೇಲ್ ಹೋಯಿ ಡಾಕ್ಟ್ರಿಗ್ ಒಂದ್ ಫೋನ್ ಮಾಡ್ ಕಾಂಬ — ಗಂಟಿ ಎಂದರೆ ದನ, ಮಂಗಳಿ, ಮೇಲೆ ಎಂದರೆ ಹಾಡಿಯ ಮರಗಳಂಚಿನ ಕಲ್ಲುಬಂಡೆ, ಈ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಅಪ್ಪಯ್ಯನಿಗೆ ಮೊದಲು ಮಾಡಿದಳು, ಅಪ್ಪಯ್ಯ ಕೇಟರಿಂಗ್ ಸೆಟ್ಟಿನ ಜತೆ ಕುಂಭಾಶಿಯ ಮದುವೆ ಅಡುಗೆಗೆ ಹೋದವರು, ಒಲೆಯ ಮುಂದೆ ನಿಂತವರ ಫೋನು ಯಾವತ್ತಿನಂತೆ ಸ್ವಿಚ್ ಆಫ್. ಆಮೇಲೆ ಡಾಕ್ಟರ ನಂಬರು. ಸರ್ಕಾರಿ ಆಸ್ಪತ್ರೆಯವರು ಈ ಕಡೆ ಬರುವುದು ವಾರಕ್ಕೆ ಎರಡು ದಿನ, ಇವತ್ತು ಅದರಲ್ಲೊಂದಲ್ಲ, ಉಳಿದದ್ದು ಸುಧಾಕರ ಡಾಕ್ಟರು, ಒಳ್ಳೆಯವರು, ಆದರೆ ಶಂಕರನಾರಾಯಣ ಪೇಟೆಯಿಂದಲೂ ಇಷ್ಟು ಒಳಗೆ ಕಾರು ತಿರುಗಿಸಬೇಕಾದರೆ ಬಾಡಿಗೆಯೇ ಎಂಟುನೂರು, ಮದ್ದು ಬೇರೆ, ಕೈಫೀಸು ಬೇರೆ, ಡೈರಿಗೆ ಹಾಕಿದ ಹತ್ತು ದಿನದ ಹಾಲು ಒಂದು ಸೂಜಿಯಲ್ಲಿ ಹೋಗುತ್ತದೆ. ಅದಕ್ಕೇ ಊರಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಎಲ್ಲರೂ ಪಾಲಿಸುವ ಒಂದು ಕ್ರಮ: ಕರೆದವರದ್ದು ಬಾಡಿಗೆ. ಕಾರು ಬಂದ ಮೇಲೆ ತಿರುವಿನಲ್ಲಿ ನಿಂತು ಕೈ ಅಡ್ಡ ಹಿಡಿದವರದ್ದು ಮದ್ದಿನ ದುಡ್ಡು ಅಷ್ಟೇ. ಹೋದ ವರ್ಷ ಕರು ಹಾಕಿದ ಮೇಲೆ ಮಂಗಳಿಗೆ ಕಸ ಬೀಳದೆ ಇವರು ಕರೆದಾಗ ಹಿಂದಿರುಗುವ ದಾರಿಯಲ್ಲಿ ನಾಲ್ಕು ಮನೆಯವರು ಕೈ ಅಡ್ಡ ಹಿಡಿದಿದ್ದರು, ಒಬ್ಬರಿಗೆ ನಾಯಿಯ ಕಜ್ಜಿಗೂ ಇದೇ ಕಾರು, ಅಮ್ಮ ನಗುತ್ತ ಡಾಕ್ಟರಿಗೆ ಕಾಫಿ ಕೊಟ್ಟು ಒಳಗೆ ಬಂದು ಹೇಳಿದ್ದು, ಇನ್ ಮೇಲೆ ನಾವ್ ಮೊದ್ಲ್ ಕರುಕಾಗ. ಮೊದಲು ಕರೆಯಬಾರದು, ಮಾತು ಮುಗಿದಿತ್ತು, ಪ್ರಣೀತಾ ಅದನ್ನು ದಿನಚರಿ ಪುಸ್ತಕದಲ್ಲಿ ಬರೆದಿಟ್ಟಿದ್ದಳು, ಎದುರಿಗೆ ಆಡಲಾಗದ್ದನ್ನೆಲ್ಲ ಬರೆದಿಡುವ ಹಾಗೆ, ಬಿಕಾಂ ಮುಗಿಸಿದವಳು, ಕಾಲೇಜಿನ ವೈವಾದಲ್ಲಿ ಉತ್ತರ ಗೊತ್ತಿದ್ದೂ ತೆರೆಯದ ಬಾಯಿ ಅವಳದು, ಗ್ಯಾಸಿನವನಿಗೆ ಫೋನ್ ಮಾಡಿದರೂ ಮನೆಯಲ್ಲಿ ದೊಡ್ಡವರಿದ್ದರೆ ಕೊಡು ಮಗಾ ಎಂದು ಕೇಳಿಸಿಕೊಳ್ಳುವವಳು. ಬಂಡೆಯ ಮೇಲೆ ನಿಂತು ಹೇಳಬೇಕಾದ್ದನ್ನು ಮೂರು ಸಲ ಬಾಯಿಪಾಠ ಮಾಡಿದಳು, ನಮಸ್ಕಾರ ಡಾಕ್ಟ್ರೆ, ನಾನು ಜಲಜ ಅವರ ಮಗಳು — ಡಾಕ್ಟ್ರೆ, ನಮ್ಮ ದನ ಮಲಗಿದೆ — ಇಲ್ಲ, ಮೊದಲು ಊರು ಹೇಳಬೇಕು — ಫೋನನ್ನು ಕಿವಿಗೆ ಹಿಡಿದು, ಒತ್ತದೆ, ನಾಲ್ಕನೇ ಸಲ ಹೇಳಿನೋಡಿದಳು. ಅಷ್ಟರಲ್ಲಿ ಗದ್ದೆಯಾಚೆ ಚಂದಯ್ಯನವರ ಅಂಗಳದಲ್ಲಿ ಅವರ ಹೆಂಡತಿ ಹರಿಣಾಕ್ಷಕ್ಕ, ಅವರೂ ಕಿವಿಗೆ ಫೋನು ಹಿಡಿದು, ಕೈ ಬೀಸಿ ಬೀಸಿ ಮಾತಾಡುತ್ತಿದ್ದಾರೆ, ಅವರ ದನಕ್ಕೆ ಕೆಚ್ಚಲು ಬಾವು ಬಂದು ಎರಡು ದಿನ, ಇವತ್ತು ಡಾಕ್ಟರನ್ನು ಕರೆಸುತ್ತಾರೆಂದು ನಿನ್ನೆ ಗಿಣ್ಣು ಕೊಡಲು ಹೋದಾಗ ಅವರೇ ಹೇಳಿದ್ದು. ಹಾಗಾದರೆ ಕರೆದಾಯಿತು. ಕಾರು ಬರುತ್ತದೆ, ತಿರುವಿನಲ್ಲಿ ನಿಂತರಾಯಿತು. ಆಗ ಎದೆಯಿಂದ ಇಳಿದ ಆ ಭಾರ, ಅದನ್ನು ಏನೆಂದು ಬರೆಯುವುದು, ಎಂಟುನೂರು ಉಳಿಯಿತೆಂಬ ಖುಷಿಯೋ, ಮಾತಾಡುವುದು ತಪ್ಪಿತೆಂಬ ಖುಷಿಯೋ, ಉಳಿತಾಯ ಎಂದೇ ತನಗೆ ಹೇಳಿಕೊಂಡಳು, ಉಳಿತಾಯ ಎನ್ನುವುದು ಮರ್ಯಾದೆಯ ಹೆಸರು. ಕೆಳಗೆ ಬಂದಳು, ಅಮ್ಮ ಮಂಗಳಿಯ ಕೊಂಬಿನ ಬುಡ ತಿಕ್ಕುತ್ತಿದ್ದವಳು ತಲೆ ಎತ್ತಿದಳು, ಎಂತ ಅಂದ್ರ್? ಬತ್ರಂಬ್ರು, ಎಂದಳು ಪ್ರಣೀತಾ, ಬರುತ್ತಾರಂತೆ. ಎಷ್ಟು ಸಲೀಸಾಗಿ ಬಂದಿತ್ತು ದನಿ.

ಒಂದು ಗುಳ್ಳೆ, ಇನ್ನೊಂದು, ನಡುವಿನ ಹೊತ್ತು ಮೊದಲಿಗಿಂತ ಹೆಚ್ಚಾಯಿತೋ ಅಥವಾ ತಾನು ಎಣಿಸುವುದು ನಿಧಾನವಾಯಿತೋ. ಎಂಟು ಗಂಟೆಗೆ ಕಾರಿಲ್ಲ, ಎಂಟೂವರೆಗೆ ಅವಳೇ ತಿರುವಿನಲ್ಲಿ ಹೋಗಿ ನಿಂತಳು, ಶಾಲೆಯ ವ್ಯಾನು ಹೋಯಿತು, ಮೀನಿನವನ ಬೈಕು ಹೋಯಿತು, ಹಿಂದಿರುಗಿದರೆ ಮಂಗಳಿಯ ಕುತ್ತಿಗೆ ಹೊಟ್ಟೆಯ ಕಡೆ ತಿರುಗಿತ್ತು, ಅಮ್ಮ ನೇರ ಮಾಡಿದರೆ ಮತ್ತೆ ಅಲ್ಲಿಗೇ, ನೇರ ಮಾಡಿದರೆ ಮತ್ತೆ ಅಲ್ಲಿಗೇ. ಅಮ್ಮ ಬಿಸಿನೀರಿಗೆ ಬೆಲ್ಲ ಹಾಕಿ ಕುಡಿಸಲು ನೋಡಿದಳು, ಕಟಬಾಯಿಂದ ಅಷ್ಟೂ ಹೊರಗೆ. ಒಂಬತ್ತಕ್ಕೆ ಮತ್ತೆ ಹೋಗಿ ಕೇಳಬಹುದಿತ್ತು, ಬಂಡೆ ಅಲ್ಲೇ ಇತ್ತು, ಆದರೆ ಈಗ ಫೋನ್ ಮಾಡಿದರೆ ಮೊದಲು ಮಾಡಿರಲಿಲ್ಲ ಎಂದು ಡಾಕ್ಟರಿಗೆ ಗೊತ್ತಾಗುತ್ತದೆ, ಡಾಕ್ಟರಿಂದ ಅಮ್ಮನಿಗೆ, ಸುಳ್ಳು ಹೇಳಿದ ಮೇಲೆ ಸುಳ್ಳಿಗೇ ಕಾವಲು ಕೂರಬೇಕಾಗುತ್ತದೆ, ದನಕ್ಕಲ್ಲ. ಹತ್ತು ಗಂಟೆಗೆ ಗದ್ದೆಯಂಚಿನಿಂದ ಚಂದಯ್ಯನವರು ಬಂದರು, ಹೆಗಲ ಮೇಲೆ ಬೈರಾಸು, ಬಾಯಲ್ಲಿ ಎಲೆಯಡಿಕೆ, ದೂರದಿಂದಲೇ ಕರೆಯುತ್ತ, ಹ್ವಾಯ್ ಜಲಜಕ್ಕ, ಡಾಕ್ಟ್ರ್ ಬಂದ್ ಹೋದ್ರಾ ಎಂತ, ನಮ್ಮನಿಗೂ ಒಂದ್ ಹೊಕ್ಕ್ ಹೋಪುಕ್ ಹೇಳಿ ಕಾಂಬ, ಹ್ಯಾಂಗೂ ನಿಮ್ಮನಿಗೆ ಬಂದ ಗಾಡಿ ಅಲ್ದಾ. ಪ್ರಣೀತಾಳ ಕೈಯಲ್ಲಿದ್ದ ಚೊಂಬು ಕೈಯಲ್ಲೇ ಉಳಿಯಿತು. ಬೆಳಿಗ್ಗೆ ನಿಮ್ಮ ಹೆಣ್ಣು ಬಂಡೆ ಮೇಲೆ ನಿಂತ್ ಫೋನ್ ಮಾಡುದ್ ಕಂಡ್ಳಂಬ್ರ್ ನಮ್ಮ ಹರಿಣಾಕ್ಷಿ, ಆಗ ಅವ್ಳ್ ಉಪ್ಪುಂದದ ಮಗಳ ಹತ್ರ ಮಾತಾಡ್ತಾ ಇದ್ದದ್, ಹಾಂಗಾರೆ ಬಚಾವ್, ಡಾಕ್ಟ್ರಿಗೆ ಜಲಜಕ್ಕನ ಮನಿಯವ್ರೇ ಹೇಳಿದ್ರ್ ಅಂದೇಳಿ ನಾವ್ ಸುಮ್ನೆ ಕೂತದ್. ಹೇಳಿ ತಾವೇ ನಕ್ಕರು, ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಸ್ವಲ್ಪ ನಾಚಿಕೊಂಡು. ಬತ್ರಂಬ್ರ್ ಚಂದಯ್ಯಣ್ಣ, ಕಾದ್ ಕಾದ್ ಸಾಕಾಯ್ತ್, ಎಂದಳು ಅಮ್ಮ. ಈ ಡಾಕ್ಟ್ರ್ ಬಪ್ಪತ್ತಿಗೆ ನಿಮ್ಮ ಹೆಣ್ಣಿಗ್ ಮದಿ ಆಯಿ ಮಕ್ಕಳೂ ಆತ್ತ್, ಎಂದು ಚಂದಯ್ಯನವರು ಮಂಗಳಿಯ ಹತ್ತಿರ ಬಗ್ಗಿದರು, ಕಿವಿ ಮುಟ್ಟಿದರು, ಆಮೇಲೆ ನಗಲಿಲ್ಲ. ಇನ್ನೊಂದು ಸಲ ಫೋನ್ ಮಾಡಿ ನೋಡುತ್ತೇನೆ ಎಂದು ಪ್ರಣೀತಾ ಓಡಿದ್ದು ಆಗ, ಇನ್ನೊಂದು ಸಲ ಎಂಬ ಮಾತನ್ನು ಮರೆಯದೆ ಸೇರಿಸಿ. ಬಂಡೆಯ ಮೇಲೆ ಬಾಯಿಪಾಠವೇ ಬೇಕಾಗಲಿಲ್ಲ, ಒತ್ತಿದಳು, ಮಾತು ತಾನಾಗಿಯೇ ಬಂತು, ಅಷ್ಟು ಸುಲಭ ಅದು, ಅಷ್ಟೇ ಇದ್ದದ್ದು, ಡಾಕ್ಟರು ಯಾರು ನೀನು, ದೊಡ್ಡವರಿಗೆ ಕೊಡು ಎಂದೇನೂ ಕೇಳಲಿಲ್ಲ. ಕಿವಿ ತಣ್ಣಗಿದೆಯಾ, ಕುತ್ತಿಗೆ ತಿರುಚಿದೆಯಾ, ನಿನ್ನೆ ಕರು ಹಾಕಿದ್ದಾ, ಎಂದರು, ಹಾಲುಜ್ವರ ಅದು, ಒಂದು ಬಾಟ್ಲಿ ಕೊಟ್ರೆ ಗಂಟೆಯೊಳಗೆ ಎದ್ದು ನಿಲ್ತದೆ, ಆದರೆ ನಾನೀಗ ಬೈಂದೂರು ಬದಿಯಲ್ಲಿ ಇದ್ದೇನಲ್ಲ ಮಾರಾಯ್ತಿ, ಇಲ್ಲೊಂದು ಕರು ಸಿಕ್ಕಿಹಾಕ್ಕೊಂಡಿದೆ, ಕೈ ಒಳಗೆ ಹಾಕಿದ್ದೇನೆ, ಬಿಟ್ಟು ಬರುವ ಹಾಗಿಲ್ಲ — ಬೆಳಿಗ್ಗೆ ಏಳು ಗಂಟೆಗೆ ಶಂಕರನಾರಾಯಣದ ದಾರಿಯಲ್ಲೇ ಹೋದದ್ದು ನಾನು, ಆಗ ಹೇಳಿದ್ದರೆ. ಆಗ ಹೇಳಿದ್ದರೆ, ಎಂದು ಅಲ್ಲಿಗೇ ನಿಲ್ಲಿಸಿದರು, ಬಯ್ಯಲಿಲ್ಲ. ಬಯ್ದಿದ್ದರೆ ಅಳಬಹುದಿತ್ತು.

ಗುಳ್ಳೆ. ಡಾಕ್ಟರು ಮಧ್ಯಾಹ್ನ ಒಂದು ಗಂಟೆ ದಾಟಿ ಬಂದರು, ಅಂಗಿಯ ತೋಳಿನಲ್ಲಿ ಇನ್ನೊಂದು ಮನೆಯ ರಕ್ತ ಒಣಗಿತ್ತು, ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ನರ ಹುಡುಕಿದರು, ನರ ಸಿಗಲೇ ಬಹಳ ಹೊತ್ತು ಹಿಡಿಯಿತು, ಇವಳ ಕೈಗೆ ಬಾಟಲಿ ಕೊಟ್ಟರು, ಕೊಡುವಾಗ ಇವಳ ಮುಖ ನೋಡಿದರು, ದನಿಯಿಂದ ಗುರುತು ಹಿಡಿದಂತೆ. ಈಗ ಮಂಗಳಿಯ ಎದೆಯ ಮೇಲೆ ಕಿವಿಕೊಳವೆ ಇಟ್ಟು ಕೂತಿದ್ದಾರೆ, ಅಂಗಳದಲ್ಲಿ ಚಂದಯ್ಯನವರು, ಹರಿಣಾಕ್ಷಕ್ಕ ನಿಂತಿದ್ದಾರೆ, ಕರು ಒಮ್ಮೆ ಕೂಗುತ್ತದೆ. ಗುಳ್ಳೆ ಏಳುತ್ತದೆ, ಅರ್ಧಕ್ಕೆ ಬಂದು ಗಾಜಿಗೆ ಅಂಟಿಕೊಂಡು ನಿಲ್ಲುತ್ತದೆ. ಅವಳು ಇನ್ನೊಂದಕ್ಕೆ ಕಾಯುತ್ತಾಳೆ, ಇನ್ನೊಂದು ಬಂದೇ ಬರುತ್ತದೆ, ಬಾಟಲಿಯಲ್ಲಿ ಇನ್ನೂ ಅರ್ಧ ಇದೆಯಲ್ಲ, ಇನ್ನೂ ಅರ್ಧ ಇದೆ. ಡಾಕ್ಟರು ಕಿವಿಕೊಳವೆ ತೆಗೆದರು, ಸೂಜಿ ಎಳೆದರು, ಮಂಗಳಿಯ ಕುತ್ತಿಗೆಯನ್ನು ಎರಡೂ ಕೈಯಿಂದ ಹಿಡಿದು ನೆಲದ ಮೇಲೆ ನೇರ ಇಟ್ಟರು, ಈ ಸಲ ಅದು ಹಿಂದೆ ಹೋಗಲಿಲ್ಲ. ಅಮ್ಮ ಕಿವಿ ಉಜ್ಜುವುದನ್ನು ನಿಲ್ಲಿಸಲಿಲ್ಲ, ಉಜ್ಜುತ್ತಲೇ ಹೇಳಿದಳು, ಬೆಳಿಗ್ಗೆ ಏಳ್ ಗಂಟಿಗೇ ಫೋನ್ ಮಾಡಿದ್ಳ್ ನನ್ ಹೆಣ್ಣ್, ನೀವ್ ಬಪ್ಪತ್ತಿಗೆ ಎಷ್ಟ್ ಗಂಟಿ ಆಯ್ತ್ ಕಾಣಿ ಡಾಕ್ಟ್ರೆ, ದೊಡ್ಡ ಮನಿಯವ್ರ್ ಕರ್ದ್ರೆ ಹೀಂಗ್ ಮಾಡ್ತ್ರಿಯಾ, ನಿಮ್ಮ ಬಾಡಿಗಿ ನಾನ್ ಕೊಡುದಿಲ್ಲ, ನನ್ ಗಂಟಿ ಜೀವ ಕೊಟ್ಟ್ ಹೋಯ್ತ್. ಅಂಗಳದಲ್ಲಿ ಚಂದಯ್ಯನವರು ಹೌದು ಎಂಬಂತೆ ತಲೆಯಾಡಿಸಿದರು, ನಾಳೆ ಡೈರಿಯ ಕಟ್ಟೆಯಲ್ಲಿ ಈ ಮಾತು ಆಗುತ್ತದೆ, ಸುಧಾಕರ ಡಾಕ್ಟರು ಏಳಕ್ಕೆ ಕರೆದರೆ ಒಂದಕ್ಕೆ ಬರುವವರು ಎಂದು ಊರೆಲ್ಲ ಆಗುತ್ತದೆ. ಡಾಕ್ಟರು ಜೇಬಿನಿಂದ ಫೋನು ತೆಗೆದರು, ಅದರಲ್ಲಿ ಎಲ್ಲ ಇದೆ, ಹತ್ತೂಕಾಲರ ಒಂದೇ ಒಂದು ಕರೆ, ತೆಗೆದು ನೋಡಿದರು, ಆಮೇಲೆ ಇವಳ ಕಡೆ ನೋಡಿದರು, ಇನ್ನೂ ಬಾಟಲಿ ಹಿಡಿದೇ ಇರುವ ಕೈಯನ್ನು, ಫೋನು ಜೇಬಿಗೆ ಹಾಕಿದರು. ತಡ ಆಯ್ತಮ್ಮ, ಎಂದರು, ನನ್ನದೇ ತಪ್ಪು, ಬಾಡಿಗೆ ಬ್ಯಾಡ. ಚೀಲದ ಜಿಪ್ಪು ಎಳೆಯುವ ಸದ್ದು. ಇದನ್ನು ಬರೆಯಬಹುದು, ಸಂಜೆ ದೀಪದ ಹತ್ತಿರ ಕೂತು, ಡಾಕ್ಟರು ಹೀಗೆ ಅಂದರು, ನಾನು ಸುಮ್ಮನಿದ್ದೆ ಎಂದು ಬರೆದು ಮುಚ್ಚಿಡಬಹುದು, ಚಂದದ ಅಕ್ಷರದಲ್ಲಿ, ಯಾರೂ ಓದುವುದಿಲ್ಲ — ಗಾಜಿಗೆ ಅಂಟಿದ ಆ ಗುಳ್ಳೆ ಮೇಲೂ ಹೋಗದೆ, ಒಡೆಯಲೂ ಒಡೆಯದೆ — ಡಾಕ್ಟರು ಹಟ್ಟಿಯ ತಗ್ಗು ಬಾಗಿಲಿಗೆ ತಲೆ ಬಗ್ಗಿಸಿದರು, ಅಂಗಳಕ್ಕೆ ಒಂದು ಕಾಲಿಟ್ಟರು — ಗುಳ್ಳೆ, ಅದೇ ಗುಳ್ಳೆ —

“ಅಮ್ಮ, ಬೆಳಿಗ್ಗೆ ನಾನ್ ಫೋನ್ ಮಾಡ್ಲೇ ಇಲ್ಲ.”