ಐವಿ ಕೀಟನ್ ಮತ್ತು ಕೆಳಮನೆಯ ನಡುಗೋಡೆ

ಐವಿ ಕೀಟನ್ ಭಾನುವಾರಗಳಂದು ಮಧ್ಯಾಹ್ನದ ಊಟವನ್ನು ಎರಡು ಸಲ ಮಾಡುತ್ತಿದ್ದಳು. ಹನ್ನೆರಡು ಗಂಟೆಗೆ ಒಮ್ಮೆ, ಎರಡೂವರೆಗೆ ಇನ್ನೊಮ್ಮೆ. ಎರಡೂ ಸಲ ಅದೇ ಗೋಮಾಂಸ, ಅದೇ ಯಾರ್ಕ್‌ಷೈರ್ ಪುಡ್ಡಿಂಗ್, ಮೆತ್ತಗಾಗುವವರೆಗೆ ಬೇಯಿಸಿದ ಅದೇ ಎಲೆಕೋಸು. ಮೊದಲ ಊಟಕ್ಕೆ ಹಿರಿಯ ಮಗ ಡೆರೆಕ್ ಮುಂಬಾಗಿಲಿನಿಂದ ಬರುತ್ತಿದ್ದ, ಎರಡನೆಯದಕ್ಕೆ ಕಿರಿಯವನಾದ ನೆವಿಲ್ ಹಿತ್ತಲ ಓಣಿಯಿಂದ. ನಡುವಿನ ಬಿಡುವಿನಲ್ಲಿ ಅವಳು ತಟ್ಟೆಗಳನ್ನು ತೊಳೆದು ಒರೆಸಿ, ಮೇಜುಬಟ್ಟೆಯನ್ನು ಕೊಡವಿ, ಆ ಮನೆಯಲ್ಲಿ ಅಂದು ಇನ್ನೂ ಯಾರೂ ಉಂಡೇ ಇಲ್ಲವೆಂಬಂತೆ ಮತ್ತೆ ಹಾಸುತ್ತಿದ್ದಳು. ಇಬ್ಬರ ಎದುರಿಗೂ ಅಷ್ಟೇ ಹಸಿವಿನಿಂದ ಉಣ್ಣುತ್ತಿದ್ದಳು. ಪಕ್ಕದ ನನ್ನ ಮನೆಗೂ ಅವಳ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ತಟ್ಟೆಗಳ ಸದ್ದು ಎರಡು ಸಲ ಕೇಳಿದ ಮೇಲೆಯೇ ನನಗೆ ಭಾನುವಾರ ಮುಗಿದಂತೆನಿಸುತ್ತಿತ್ತು. ಮೂವತ್ತು ವರ್ಷ ಹೀಗೆ ಎರಡೆರಡು ಬಾರಿ ಉಂಡೂ ಅವಳು ಒಣಕಡ್ಡಿಯಂತೆಯೇ ಉಳಿದದ್ದು ಬೀದಿಯವರಿಗೆಲ್ಲ ಸೋಜಿಗದ ಸಂಗತಿಯಾಗಿತ್ತು.

ಕಾರಣ ನಮ್ಮೂರು ಸ್ಕಾರ್‌ಥೋರ್ಪಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕಲ್ಲಿದ್ದಲ ಗಣಿಯ ದೊಡ್ಡ ಮುಷ್ಕರದ ವರ್ಷ ಅಣ್ಣತಮ್ಮಂದಿರಿಬ್ಬರೂ ಎಂಟು ತಿಂಗಳು ಕೆಲಸ ಬಿಟ್ಟು ನಿಂತರು. ಒಂಬತ್ತನೆಯ ತಿಂಗಳಲ್ಲಿ ನೆವಿಲನ ಕೂಸು ಆಸ್ಪತ್ರೆ ಸೇರಿತು. ಅವನು ಕೆಲಸಕ್ಕೆ ಮರಳಿದ. ಕಲ್ಲು ತಾಗದಂತೆ ಕಿಟಕಿಗಳಿಗೆ ತಂತಿಬಲೆ ಹೊಡೆದ ಬಸ್ಸಿನಲ್ಲಿ ಅವನು ಗಣಿಯ ಗೇಟು ದಾಟಿದ ಬೆಳಿಗ್ಗೆ ಉಳಿದವರೆಲ್ಲ ‘ಹಕ್ಕಳೆ, ಹಕ್ಕಳೆ’ ಎಂದು ಕೂಗಿದರು; ಮುಷ್ಕರ ಮುರಿದವನಿಗೆ ನಮ್ಮ ಕಡೆ ಇರುವ ಬೈಗುಳ ಅದು. ಡೆರೆಕ್ ಮಾತ್ರ ಕೂಗಲಿಲ್ಲ. ಅವನು ಬೆನ್ನು ತಿರುಗಿಸಿದ. ಕೂಗಿದ್ದರೆ ಎಂದಾದರೂ ಕ್ಷಮಿಸಬಹುದಿತ್ತೆಂದು ನೆವಿಲ್ ತಾಯಿಯ ಬಳಿ ಒಮ್ಮೆ ಹೇಳಿದ್ದನಂತೆ. ಆ ಮೇಲೆ ಗಣಿಯೇ ಮುಚ್ಚಿತು, ಇಬ್ಬರಿಗೂ ಅಲ್ಲಿ ಕೆಲಸ ಉಳಿಯಲಿಲ್ಲ. ಆದರೆ ಮಾತು ನಿಂತದ್ದು ನಿಂತೇ ಇತ್ತು.

ಐವಿಯ ನಡಿಗೆ ಏಡಿಯದು. ಸೊಂಟದ ನೋವಿನಿಂದಾಗಿ ಎಡಕ್ಕೆ ಒಂದು ಹೆಜ್ಜೆ, ಬಲಕ್ಕೆ ಒಂದು ಹೆಜ್ಜೆ ಹಾಕಿ, ಹೋಗಬೇಕಾದಲ್ಲಿಗೆ ಹೇಗೋ ಹೋಗಿ ತಲುಪುತ್ತಿದ್ದಳು. ಬೇಸಿಗೆಯಲ್ಲೂ ಬಿಡದ ಹಸಿರು ಕೋಟು. ಅದರ ಜೇಬುಗಳೆರಡರಲ್ಲೂ ಪೆಪ್ಪರ್‌ಮಿಂಟು, ಒಂದರಲ್ಲಿ ಮಾತ್ರ ಇಡುವುದು ಯಾರಿಗೋ ಅನ್ಯಾಯವಾದೀತೆಂಬಂತೆ. ಪ್ರತಿ ಮಾತನ್ನೂ ‘ನಾನೇನೂ ಹೇಳಲ್ಲಪ್ಪ’ ಎಂದು ಆರಂಭಿಸಿ, ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸುತ್ತಿದ್ದಳು. ನಮ್ಮ ಪ್ರಾರ್ಥನಾಮಂದಿರವಾದ ಚಾಪೆಲಿಗೆ ಈಸ್ಟರಿಗೊಮ್ಮೆ, ಸುಗ್ಗಿಯ ಆರಾಧನೆಗೊಮ್ಮೆ ಬಂದು, ದೇವರಿಗೆ ತನ್ನ ವಿಳಾಸ ಗೊತ್ತಿದೆಯೆಂದು ಹೇಳಿ ಹೋಗುತ್ತಿದ್ದಳು. ಮದ್ಯ ಮುಟ್ಟುವುದಿಲ್ಲವೆಂದು ಹುಡುಗಿಯಾಗಿದ್ದಾಗಲೇ ಚಾಪೆಲಿನಲ್ಲಿ ಸಹಿ ಹಾಕಿದ ನನ್ನನ್ನು ಶುಕ್ರವಾರ ಸಂಜೆಗಳಲ್ಲಿ ಪಬ್ಬಿಗೆ ಕರೆದುಕೊಂಡು ಹೋಗುತ್ತಿದ್ದವಳೂ ಅವಳೇ. “ನಿಂಬೆ ಪಾನಕ ಕುಡಿಯೋಕೆ ದೇವರ ಅಡ್ಡಿ ಇಲ್ವಲ್ಲ? ಬಾ, ನನಗೊಂದು ಕೈ ಬೇಕು, ಮೆಟ್ಟಿಲು ಹತ್ತೋಕೆ.”

ಪಬ್ಬಿನ ಫಲಕದ ಮೇಲೆ ಯಾವನೋ ಡ್ಯೂಕನ ಹೆಸರಿದ್ದರೂ ಊರ ಬಾಯಲ್ಲಿ ಅದು ಕೆಳಮನೆ. ಎಡಕ್ಕೊಂದು ಬಾಗಿಲು, ಬಲಕ್ಕೊಂದು ಬಾಗಿಲು. ಎಡಗಡೆಯದು ಬಾರು ಕೋಣೆ, ಹೆಂಚು ಹಾಸಿದ ನೆಲ, ಡಾರ್ಟ್ಸ್ ಹಲಗೆ; ಬಲಗಡೆಯದು ಲೌಂಜು, ಮರದ ನೆಲ, ಸವೆದ ಕೆಂಪು ಮಖಮಲ್ಲಿನ ಆಸನಗಳು. ನಡುವೆ ಇಟ್ಟಿಗೆಯ ಗೋಡೆ. ಶುಕ್ರವಾರ ಆರು ಗಂಟೆಗೆ ಡೆರೆಕ್ ಎಡಗಡೆ ಕೂರುತ್ತಿದ್ದ, ನೆವಿಲ್ ಬಲಗಡೆ. ಇಬ್ಬರೂ ಆ ಒಂದೇ ಗೋಡೆಗೆ ಬೆನ್ನು ಕೊಟ್ಟು. ಯಾರೂ ಹೇಳಿಕೊಟ್ಟದ್ದಲ್ಲ, ಹಾಗೆ ಆಗಿಹೋಗಿತ್ತು. ಎರಡೂ ಕೋಣೆಗಳ ಹಿಂದೆ, ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಹಾಕಿದ ಬೆಂಚಿನ ಮೇಲೆ ಐವಿ ಸ್ಟೌಟ್ ಎಂಬ ಕಪ್ಪು ಬಿಯರಿನ ಅರ್ಧ ಲೋಟ ಹಿಡಿದು ಕೂತಿರುತ್ತಿದ್ದಳು. ಆ ಕಡೆಯಿಂದ ಒಬ್ಬನ ಕೆಮ್ಮು, ಈ ಕಡೆಯಿಂದ ಇನ್ನೊಬ್ಬನ ನಗೆ. ಅಷ್ಟು ಕೇಳಿಸಿಕೊಂಡು, ಲೋಟ ಖಾಲಿ ಮಾಡಿ, ಏಳುತ್ತಿದ್ದಳು.

ಒಂದು ಫೆಬ್ರವರಿಯಲ್ಲಿ ಕೆಳಮನೆಯ ಮಾಡು ಕೈಕೊಟ್ಟಿತು. ಬಕೆಟ್ಟುಗಳ ಸಂಖ್ಯೆ ಗಿರಾಕಿಗಳ ಸಂಖ್ಯೆಯನ್ನು ಮೀರಿದಾಗ ಬಾಗಿಲಿಗೆ ಹಲಗೆ ಬಿತ್ತು. ಡೆರೆಕ್ ಪಕ್ಕದ ಊರಿನ ಕ್ಲಬ್ಬಿಗೆ ಹೋಗತೊಡಗಿದ. ನೆವಿಲ್ ಮನೆಯಲ್ಲೇ ಟಿ.ವಿ. ಮುಂದೆ ಉಳಿದ. ಮೇ ತಿಂಗಳಲ್ಲಿ ದೀಪದ ಕಂಬಕ್ಕೆ ಒಂದು ನೋಟೀಸು ಕಟ್ಟಿದರು, ಮಳೆ ತಾಗದಂತೆ ಪ್ಲಾಸ್ಟಿಕ್ಕಿನೊಳಗಿಟ್ಟು. ಪ್ಲಾಸ್ಟಿಕ್ಕಿನೊಳಗೇ ಮಳೆ ಹೊಕ್ಕು ಅಕ್ಷರಗಳು ಹರಿದಾಡಿದವು. ಓದಲು ಉಳಿದದ್ದು ‘ನವೀಕರಣ’ ಎಂಬ ಒಂದು ಪದ.

ಆ ಒಂದು ಪದದಿಂದ ಊರು ಬೇಸಿಗೆಯಿಡೀ ಬದುಕಿತು. ಇಪ್ಪತ್ತು ಬಗೆಯ ಜಿನ್ ಇಡುತ್ತಾರಂತೆ. ಇಲ್ಲ, ಮೇಲೆ ಹೋಟೆಲು ಕೋಣೆಗಳಂತೆ. ಇಲ್ಲ, ನಾಯಿಗಳಿಗೂ ಊಟ ಕೊಡುತ್ತಾರಂತೆ. ನೇರವಾಗಿ ಹೋಗಿ ಮೇಸ್ತ್ರಿಯನ್ನು ಕೇಳುವುದು ನಮ್ಮವರ ಜಾಯಮಾನವಲ್ಲ; ಅದು ಮೂಗು ತೂರಿಸಿದಂತಾಗುತ್ತದೆ. ಬದಲಿಗೆ, ಅವಶೇಷಗಳನ್ನು ಎಸೆಯಲು ರಸ್ತೆ ಬದಿಗೆ ತಂದಿಟ್ಟಿದ್ದ ಹಳದಿ ಕಬ್ಬಿಣದ ತೊಟ್ಟಿಯ ಪಕ್ಕದಲ್ಲಿ ಎಲ್ಲರೂ ನಿಧಾನವಾಗಿ ನಡೆದು, ಒಳಗೆ ಬಿದ್ದದ್ದನ್ನು ನೋಡಿ ಭವಿಷ್ಯ ಹೇಳತೊಡಗಿದರು. ಮಖಮಲ್ಲು ಬಿದ್ದ ದಿನ ಲೌಂಜು ಹೋಯಿತೆಂದು ತೀರ್ಮಾನವಾಯಿತು. ಡಾರ್ಟ್ಸ್ ಹಲಗೆ ಬಿದ್ದ ದಿನ ಇಬ್ಬರು ಗಂಡಸರು ಕಸಾಯಿಯ ಅಂಗಡಿಯ ಸಾಲಿನಲ್ಲಿ ಟೋಪಿ ತೆಗೆದು ನಿಂತಿದ್ದರು.

ಜುಲೈಯಲ್ಲಿ ಉದ್ದನೆಯದೊಂದು ಉಕ್ಕಿನ ತೊಲೆ ಲಾರಿಯಿಂದ ಇಳಿಯಿತು. ಕಸಾಯಿಯ ಸಾಲಿನಲ್ಲಿ ಮೊರೀನ್ ಸ್ಪೆನ್ಸ್‌ಲಿ ಅದರ ಅರ್ಥ ಬಿಡಿಸಿದಳು. ಅವಳ ಗಂಡ ಗಾರೆಯವನು. “ಅದು ಮೇಲಿನ ಭಾರ ಹೊರೋಕೆ. ನಡುಗೋಡೆ ತೆಗೀತಾರೆ. ಎಡ ಬಲ ಎಲ್ಲ ಸೇರಿ ಒಂದೇ ಕೋಣೆ. ಇನ್ನು ಕೀಟನ್ ಹುಡುಗರು ಎಲ್ಲಿ ಬೆನ್ನು ಕೊಡ್ತಾರೋ ನೋಡೋಣ.” ಹುಡುಗರಿಬ್ಬರಿಗೂ ಐವತ್ತು ದಾಟಿತ್ತು.

ಊರಿಗೆ ಇದು ಐವಿಯ ಪಾಲಿಗೆ ಬಂದ ವರದಂತೆ ಕಂಡಿತು. ಅವಳನ್ನು ಕಂಡವರೆಲ್ಲ ತೋಳು ತಟ್ಟಿ ಹೋದರು. ನನಗೂ ಹಾಗೆಯೇ ಕಂಡಿತು. ಬುಧವಾರದ ಪ್ರಾರ್ಥನಾ ಕೂಟದಲ್ಲಿ ನಾನು ಎದ್ದು ನಿಂತು, ಆ ಗೋಡೆ ಬೇಗ ಬೀಳಲಿ, ಅಣ್ಣತಮ್ಮಂದಿರು ಒಂದಾಗಲಿ ಎಂದು ಬೇಡಿಕೊಂಡೆ. ಹನ್ನೊಂದು ಜನ ಆಮೆನ್ ಎಂದರು.

ಮರುದಿನ ಬೆಳಿಗ್ಗೆ ಐವಿ ನನ್ನ ಅಡುಗೆಮನೆಯ ಬಾಗಿಲಲ್ಲಿ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ನಿಂತಿದ್ದಳು.

“ನಾನೇನೂ ಹೇಳಲ್ಲಪ್ಪ. ಗೋಡೆ ಬೀಳ್ಲಿ ಅಂತ ಪ್ರಾರ್ಥನೆ ಮಾಡಿದೆಯಂತೆ?”

“ಹೌದು ಐವಿ, ನಿನ್ನ ಮಕ್ಕಳಿಗೋಸ್ಕರ.”

“ವಾಪಸ್ ತಗೋ.”

“ಪ್ರಾರ್ಥನೆನ ಹೇಗೆ ವಾಪಸ್ ತಗೊಳ್ಳೋದು?”

“ಹೇಗೆ ಕೊಟ್ಟೆಯೋ ಹಾಗೇ. ಮಂಡಿ ಊರು, ತಪ್ಪಾಯ್ತು ಅನ್ನು. ಅವನು ಕೇಳ್ತಾನೆ, ನಿನ್ನ ಮಾತಾದ್ರೆ ಕೇಳ್ತಾನೆ.”

ನಾನು ಚಹಾ ಮಾಡಿ ಕೊಟ್ಟೆ. ಅವಳು ಕೂರಲಿಲ್ಲ.

“ಗೋಡೆ ಇದೆ ಅಂತಲೇ ಇಬ್ರೂ ಅಲ್ಲಿಗೆ ಬರ್ತಿದ್ದಿದ್ದು ಕಣೇ. ನನ್ನ ಮನೇಲಿ ಗಡಿಯಾರವೇ ಗೋಡೆ, ಒಬ್ಬ ಹೋದ ಮೇಲೆ ಇನ್ನೊಬ್ಬ. ಅಲ್ಲಿ ಇಟ್ಟಿಗೆದು. ಇಟ್ಟಿಗೆದಾದ್ರೆ ಒಂದೇ ಹೊತ್ತಿಗೆ ಕೂತ್ಕೋಬಹುದು. ಅದನ್ನೂ ತೆಗೆದ್ರೆ ಒಬ್ಬನೂ ಕಾಲಿಡಲ್ಲ, ಇಬ್ರೂ ನನ್ನಂಗೇ ಮೊಂಡರು.” ಆಮೇಲೆ, ಕಿಟಕಿಯಾಚೆ ನೋಡುತ್ತ ಅವಳೆಂದಳು: “ಡಾಕ್ಟರು ಹೃದಯ ದಣಿದಿದೆ ಅಂದ್ರು. ನನ್ನ ಮಣ್ಣು ಮುಗಿಸಿ ಬಂದೋರಿಗೆ ಕೆಳಮನೇಲೇ ಟೀ ಕೊಡ್ಬೇಕು, ಹ್ಯಾಮ್ ಸ್ಯಾಂಡ್‌ವಿಚ್ ಕೊಡ್ಬೇಕು ಅಂತ ಬರೆದಿಟ್ಟಿದೀನಿ. ಅವತ್ತು ಎರಡೆರಡು ಸಲ ಬಡಿಸೋಕೆ ನಾನಿರಲ್ಲ ನೋಡು.”

ಆ ರಾತ್ರಿ ನಾನು ಮಂಡಿಯೂರಿದೆ. ಗೋಡೆ ಉಳಿಯಲಿ ಎಂದೆ. ಹೀಗೆ ಒಂದೇ ವಾರದಲ್ಲಿ ಒಂದೇ ಗೋಡೆಯ ಬಗ್ಗೆ ಎರಡು ಬಗೆಯಾಗಿ ಬೇಡಿದವಳ ಮಾತಿಗೆ ಪರಲೋಕದಲ್ಲಿ ಏನು ಬೆಲೆ ಇದ್ದೀತೆಂದು ಚಿಂತಿಸುತ್ತ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನಮ್ಮವರು ಮಾಡದ ಕೆಲಸವನ್ನು ಐವಿ ಮಾಡಿದಳು. ನೇರವಾಗಿ ಹೋಗಿ ಮೇಸ್ತ್ರಿಯನ್ನು ಕಂಡಳು. ಮೆಟ್ಟಿಲಿಗೆ ನನ್ನ ಕೈ ಬೇಕಾಗಿತ್ತು, ನಾನೂ ಹೋದೆ. ಮೇಸ್ತ್ರಿ ಕ್ರೇಗ್ ಶೆಫೀಲ್ಡಿನವನು, ದೊಡ್ಡ ಹೊಟ್ಟೆಯ ಸಜ್ಜನ. ನಮ್ಮನ್ನು ನೋಡುತ್ತಲೇ ಅವನ ಮುಖ ಅರಳಿತು.

“ಕೀಟನ್ ಅಮ್ಮ ನೀವೇನಾ? ತೊಟ್ಟಿ ಹತ್ರ ಊರೋರದೆಲ್ಲ ನಿಮ್ಮದೇ ಮಾತು. ಚಿಂತೆ ಬಿಡಿ, ಗೋಡೆ ಕೆಡವೋ ದಿನ ಮೊದಲನೇ ಏಟು ನಿಮ್ಮದೇ. ಸಣ್ಣ ಸುತ್ತಿಗೆ ತೆಗೆದಿಟ್ಟಿದೀನಿ.”

“ಕೆಡವಬೇಡಪ್ಪ ಅಂತ ಹೇಳೋಕೆ ಬಂದೆ.”

ಅವನು ನನ್ನತ್ತ ನೋಡಿದ. ನಾನು ನೆಲ ನೋಡಿದೆ.

“ಬೇಗ ಬೀಳ್ಲಿ ಅಂತ ನಲವತ್ತು ಜನ ನನಗೆ ಕೇಳೋ ಹಂಗೆ ಮಾತಾಡ್ಕೊಂಡು ಹೋದ್ರಲ್ಲಮ್ಮ.”

“ಆ ನಲವತ್ತು ಜನರಲ್ಲಿ ನನ್ನ ಮಕ್ಕಳನ್ನ ಹೆತ್ತೋರು ಎಷ್ಟು ಜನ?”

ಕ್ರೇಗ್ ನಕ್ಷೆಯನ್ನು ಹಾಸಿ ತೋರಿಸಿದ. ಕಾಗದದ ಮೇಲೆ ಗೋಡೆ ಇರಲಿಲ್ಲ. ಯಾವುದೋ ಪಟ್ಟಣದಲ್ಲಿ, ಯಾರದೋ ಕೈಯಲ್ಲಿ ಅದು ಎಂದೋ ಬಿದ್ದುಹೋಗಿತ್ತು. ಆದರೂ ಐವಿ ಹತ್ತು ದಿನ ಬ್ರೆಡ್ ಪುಡ್ಡಿಂಗಿನ ಎರಡು ತುಂಡುಗಳನ್ನು ಕಾಗದದಲ್ಲಿ ಸುತ್ತಿ ಅವನಿಗೆ ಒಯ್ದು ಕೊಟ್ಟಳು. ಅವನು ಹತ್ತು ದಿನ ಮಾಡಿನ ಮೇಲೆ, ಚರಂಡಿಯಲ್ಲಿ, ಗೋಡೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಕೆಲಸ ಮಾಡಿದ. ಊರಿನವರಿಗೆ ತಡ ಯಾಕೆಂದು ಅರ್ಥವಾಗಲಿಲ್ಲ, ಅವನನ್ನು ಸೋಮಾರಿಯೆಂದರು. ಹನ್ನೊಂದನೆಯ ದಿನ ಮೇಲಿನವರಿಂದ ಫೋನು ಬಂತು, ಗೋಡೆ ಬಿತ್ತು. ಐವಿ ರಸ್ತೆಯಾಚೆ ನಿಂತು ನೋಡಿದಳು. ಯಾರೋ ಚಪ್ಪಾಳೆ ತಟ್ಟಿದರು. ಅವಳು ಅವರತ್ತ ತಿರುಗಿ ವಿನಯದಿಂದ ತಲೆಯಾಡಿಸಿದಳು.

ಅಕ್ಟೋಬರಿನ ಮೊದಲ ಶುಕ್ರವಾರ ಕೆಳಮನೆ ತೆರೆಯಿತು. ಎಲ್ಲ ಬೂದುಬಣ್ಣ; ತಲೆಯ ಮೇಲೆ ತಾಮ್ರದ ದೀಪಗಳು; ನಮ್ಮದೇ ಊರಿನ ಪಬ್ಬಿನಲ್ಲಿ ಶೌಚಾಲಯ ಎಲ್ಲೆಂದು ಜನ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಬಾಗಿಲುಗಳು ಮಾತ್ರ ಎರಡೂ ಉಳಿದಿದ್ದವು. ಗೋಡೆ ಇದ್ದ ಜಾಗದಲ್ಲಿ, ಹೆಂಚಿನ ನೆಲಕ್ಕೂ ಮರದ ನೆಲಕ್ಕೂ ನಡುವೆ, ಒಂದು ಗೇಣಗಲದ ಹೊಸ ಸಿಮೆಂಟಿನ ಪಟ್ಟಿ. ಐವಿ ಐದೂವರೆಗೇ ಬಂದು, ಒಂದು ಕುರ್ಚಿಯನ್ನು ಎಳೆದು, ಆ ಪಟ್ಟಿಯ ಮೇಲೆ ಹಾಕಿಕೊಂಡು, ಕೋಟು ತೆಗೆಯದೆ ಕೂತಳು. ಓಡಾಡುವವರಿಗೆ ಅಡ್ಡವಾಗುತ್ತದೆಂದು ಮೊರೀನ್ ಹೇಳಿದಳು.

“ಗೋಡೆ ಇದ್ದಾಗ ಇದೇ ಜಾಗದಲ್ಲಿ ಹೇಗೆ ಓಡಾಡ್ತಿದ್ದೆ?” ಎಂದಳು ಐವಿ.

ಆರು ಗಂಟೆಗೆ ಎಡಬಾಗಿಲಿಂದ ಡೆರೆಕ್ ಬಂದ. ಕೂತು ಐದು ನಿಮಿಷವಾಗಿರಲಿಲ್ಲ, ಬಲಬಾಗಿಲಿಂದ ನೆವಿಲ್. ಅರವತ್ತು ಜನ ಬೇರೆಲ್ಲೋ ನೋಡುತ್ತಿರುವಂತೆ ನಟಿಸುತ್ತ ಅವರನ್ನೇ ನೋಡುತ್ತಿದ್ದರು. ನೆವಿಲ್ ಹೊಸ್ತಿಲಲ್ಲೇ ನಿಂತ. ಬಾಗಿಲ ಹಿಡಿಕೆಯನ್ನು ಬಿಟ್ಟಿರಲಿಲ್ಲ. ಐವಿ ಅವನನ್ನು ಕರೆಯಲಿಲ್ಲ. ಪೆಪ್ಪರ್‌ಮಿಂಟಿನ ಕಾಗದ ಬಿಡಿಸುತ್ತಿದ್ದಳು. ಅವನು ಒಳಬಂದು ತನ್ನ ಹಳೆಯ ಕಡೆಯಲ್ಲಿ ಕೂತ. ತಾಯಿಯ ಎಡಕ್ಕೊಬ್ಬ, ಬಲಕ್ಕೊಬ್ಬ. ಅವಳು ಮೊದಲು ಡೆರೆಕನ ಮೊಣಕಾಲಿನ ಯೋಗಕ್ಷೇಮ ಕೇಳಿದಳು, ಆಮೇಲೆ ನೆವಿಲನ ಮಗಳದ್ದು.

ಅವಳ ಲೋಟ ಮುಗಿದಾಗ ಇಬ್ಬರಿಗೂ ಒಮ್ಮೆಲೇ ಅದು ಕಂಡಿತು. ಡೆರೆಕ್ ಮೊದಲೆದ್ದ, ಅವನು ಎದ್ದದ್ದನ್ನು ತಾಯಿಯ ಮರೆಯಲ್ಲಿ ಕಾಣದೆ ನೆವಿಲ್ ಕೂಡ ಎದ್ದ. ಹೊಸ ಕೌಂಟರು ಉದ್ದವಾದದ್ದು, ಆದರೆ ಅಂದು ಬಿಡುವಿದ್ದದ್ದು ಒಂದೇ ಕಡೆ. ಅಲ್ಲಿ ಅವರು ಪಕ್ಕಪಕ್ಕದಲ್ಲಿ, ಇಬ್ಬರೂ ಬಾಟಲಿಗಳನ್ನು ನೋಡುತ್ತ ನಿಂತರು. ಬಡಿಸುವ ಹುಡುಗಿ ಪರವೂರಿನವಳು. ಅವಳಿಗೆ ಗಣಿಯೂ ಗೊತ್ತಿಲ್ಲ, ಮುಷ್ಕರವೂ ಗೊತ್ತಿಲ್ಲ.

“ಯಾರ ಸರದಿ?” ಎಂದಳು.

ನಮ್ಮ ಸೀಮೆಯಲ್ಲಿ ಮನುಷ್ಯ ಏನು ಬೇಕಾದರೂ ಮಾಡಿಯಾನು, ಕೌಂಟರಿನ ಮುಂದೆ ಸರದಿ ತಪ್ಪಿಸಲಾರ. ಸಾಲು ಕಣ್ಣಿಗೆ ಕಾಣುವುದಿಲ್ಲ. ಆದರೆ ಯಾರ ಹಿಂದೆ ಯಾರು ಬಂದರೆಂದು ಎಲ್ಲರಿಗೂ ಗೊತ್ತಿರುತ್ತದೆ, ಕೇಳಿದರೆ ನಿಜ ಹೇಳಲೇಬೇಕು. ಅದನ್ನು ಮಕ್ಕಳಿಗೆ ನಡೆಯುವುದಕ್ಕಿಂತ ಮೊದಲೇ ಕಲಿಸಿರುತ್ತೇವೆ.

ಹುಡುಗಿ ನೆವಿಲನನ್ನೇ ನೋಡುತ್ತಿದ್ದಳು.

“ಅವನದು ಮೊದಲು,” ಎಂದ ನೆವಿಲ್.

ಡೆರೆಕ್ ಸ್ಟೌಟ್ ಹೇಳಿದ. ಅದು ತುಂಬುವವರೆಗೆ ಇಬ್ಬರೂ ಅಲ್ಲಾಡಲಿಲ್ಲ. ಲೋಟ ಕೈಗೆ ಬಂದಾಗ ಡೆರೆಕ್ ತಿರುಗಿ ನೋಡದೆಯೇ ಒಂದು ಹೆಜ್ಜೆ ಸರಿದು ತಮ್ಮನಿಗೆ ಜಾಗ ಬಿಟ್ಟ. ನೆವಿಲನೂ ಸ್ಟೌಟನ್ನೇ ತಂದ. ಐವಿಯ ಮುಂದೆ ಎರಡು ಅರ್ಧ ಲೋಟಗಳು ಬಂದು ಕೂತವು. ಅವಳು ಎರಡನ್ನೂ, ಒಂದು ಹನಿ ಉಳಿಸದೆ, ಕುಡಿದಳು. ಮನೆಗೆ ಹೋಗುವಾಗ ನನ್ನ ತೋಳಿನ ಮೇಲೆ ಅವಳ ಭಾರ ಎಂದಿಗಿಂತ ಹೆಚ್ಚಾಗಿತ್ತು. ಅವಳು ಅಳುತ್ತಿದ್ದಳೋ ಅಮಲಿನಲ್ಲಿದ್ದಳೋ ನನಗೆ ತಿಳಿಯಲಿಲ್ಲ. ಕೇಳುವುದು ಮರ್ಯಾದೆಯೂ ಅಲ್ಲ.

ಮಾರ್ಚಿನಲ್ಲಿ, ಈಸ್ಟರಿಗೆ ಮೂರು ವಾರ ಇರುವಾಗ, ಐವಿ ಮಲಗಿದಲ್ಲೇ ಹೋದಳು. ಬರೆದಿಟ್ಟಂತೆ ಕೆಳಮನೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಟೀ. ಮಕ್ಕಳಿಬ್ಬರೂ ಬಂದರು, ತಟ್ಟೆಗಳು ಖಾಲಿಯಾಗುವವರೆಗೂ ಇದ್ದರು, ಒಂದೇ ಸಲ ಬಡಿಸಿದರೆ ಸಾಕಾಯಿತು. ಅವರು ಮಾತಾಡಿದರೆಂದು ಮೊರೀನ್ ಆಣೆ ಹಾಕುತ್ತಾಳೆ. ಅವಳ ಗಂಡ ಇಲ್ಲವೆನ್ನುತ್ತಾನೆ. ಟೀ ಪಾತ್ರೆಯ ಹಿಂದೆ ನಿಂತಿದ್ದ ನನಗೆ ಹಬೆಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ನನ್ನ ಎರಡು ಪ್ರಾರ್ಥನೆಗಳಲ್ಲಿ ಯಾವುದು ಸಂದಿತೆಂಬುದೂ ಇಂದಿಗೂ ಬಗೆಹರಿದಿಲ್ಲ. ಗೋಡೆ ಬಿತ್ತು, ಅದು ಮೊದಲನೆಯದು. ಆದರೆ ಅವಳು ಅಂಜಿದಂತೆ ಆಗಲಿಲ್ಲ, ಅದು ಎರಡನೆಯದರ ಫಲವಿರಬಹುದು. ಎರಡನ್ನೂ ಹಿಂತೆಗೆದುಕೊಳ್ಳದೆ ಬಿಟ್ಟಿದ್ದೇನೆ.

ಇಂಥ ಹೆಂಗಸರನ್ನು ಜನ ಸಂಧಾನ ಮಾಡಿಸುವವರೆನ್ನುತ್ತಾರೆ. ಅದು ಸರಿಯಲ್ಲವೆಂದು ನನಗೆ ತೋರುತ್ತದೆ. ಅವರು ಯಾರನ್ನೂ ಕೂಡಿಸುವುದಿಲ್ಲ, ಯಾರ ಕೋಪವನ್ನೂ ಕಸಿದುಕೊಳ್ಳುವುದಿಲ್ಲ, ಯಾರದು ಸರಿಯೆಂದೂ ಹೇಳುವುದಿಲ್ಲ. ಮುನಿದವರಿಬ್ಬರೂ ಮುನಿಸನ್ನು ಇಟ್ಟುಕೊಂಡೇ ಬಂದು ಕೂರಲು ಒಂದು ಜಾಗವನ್ನು ಕಾಯುತ್ತಾರೆ. ಬಂದವನ ಜೊತೆ ಹಸಿವಿಲ್ಲದಿದ್ದರೂ ಉಣ್ಣುತ್ತಾರೆ. ಒಳಗಿದ್ದವರಿಗೆ ಅದು ಮನೆಯೆನಿಸುತ್ತದೆ, ಹೊರಗಿನವರಿಗೆ ಹಟವೆನಿಸುತ್ತದೆ; ಅದು ಪ್ರೀತಿಯೆಂದು ಹೆಸರಿಡುವಷ್ಟು ಬಿಡುವು ಅವರಿಗೇ ಇರುವುದಿಲ್ಲ, ತೊಳೆಯಬೇಕಾದ ತಟ್ಟೆಗಳಿರುತ್ತವೆ.