ಹಣೆಗೆ ಹಚ್ಚಿದ ಮಣ್ಣು

ಸಿರುಗುಪ್ಪದ ಜೋಗಪ್ಪ ಪೈಲ್ವಾನನ ಕುಸ್ತಿ ಎಂದರೆ ಒಂದು ಕಾಲದಲ್ಲಿ ಬಳ್ಳಾರಿ ದಂಡಿನ ಬಿಳಿ ಸೋಲ್ಜರರೂ ನೋಡಲು ಬರುತ್ತಿದ್ದರು. ಆ ಜೋಗಪ್ಪ ನಾನೇ. ಬಡಾಯಿ ಅಂತೀರೇನೋ, ಅಂದುಕೊಳ್ಳಿ. ನಮ್ಮೂರ ಗೌಡರು ನನ್ನನ್ನು ಕುಸ್ತಿಗೆಂದೇ ಸಾಕಿದ್ದರು. ದಿನಾ ಹಾಲು, ತುಪ್ಪ, ಬಾದಾಮಿ, ಹಬ್ಬಕ್ಕೆ ಹೊಸ ಧೋತರ. ಎದುರು ಬಂದವನ ಬೆನ್ನನ್ನು ಮಣ್ಣಿಗೆ ಹಚ್ಚುವುದೊಂದೇ ನನ್ನ ಕೆಲಸ. ಹಚ್ಚಿದೆ. ಮೋಕದಿಂದ ಆದವಾನಿಯವರೆಗೆ ಯಾರನ್ನಾದರೂ ಕೇಳಿ.

ಒಬ್ಬನನ್ನು ಮಾತ್ರ ಆಗಲಿಲ್ಲ. ಅವನು ಕುರುಗೋಡಿನ ಹಂಪಯ್ಯ.

ದೊಡ್ಡ ಬರ ಕಳೆದ ಮೂರನೇ ವರ್ಷ, ಬಳ್ಳಾರಿ ಗುಡ್ಡದ ಬುಡದಲ್ಲಿ ನಮ್ಮಿಬ್ಬರ ಜೋಡಿ ಬಿತ್ತು. ಮಧ್ಯಾಹ್ನ ಹಿಡಿದ ಕುಸ್ತಿ ಹೊತ್ತು ಮುಳುಗಿದರೂ ಬಗೆಹರಿಯಲಿಲ್ಲ. ನಾನು ಹಾಕಿದ ಪಟ್ಟನ್ನೆಲ್ಲ ಅವನು ಬಿಡಿಸಿಕೊಂಡ, ಅವನು ಹಾಕಿದ್ದನ್ನು ನಾನು ಬಿಡಿಸಿಕೊಂಡೆ. ಕೊನೆಗೆ ಪಂಚರು ನಡುವೆ ಬಂದು ನಮ್ಮನ್ನು ಬಿಡಿಸಿ 'ಸಮ' ಎಂದು ಕೂಗಿದರು. ಸಮವಂತೆ! ಇವರನ್ನು ಯಾರಪ್ಪ ಕೇಳಿದ್ದರು? ಹಂಪಯ್ಯ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಲೇ ಜೋಗ್ಯಾ, ಇದು ಮುಗದಿಲ್ಲ. ಮುಂದಿನ ವರ್ಷ ನೋಡ್ಕೋತೀನಿ" ಅಂದ.

"ಬಾರಲೇ, ನಾನೇನು ಓಡಿ ಹೋಗ್ತೀನೇನು?" ಅಂದೆ.

ಓಡುವುದಿರಲಿ, ನಡೆಯುವುದಕ್ಕೂ ಆಗಲಿಲ್ಲ. ಆರು ತಿಂಗಳಲ್ಲಿ ಮೋಕದ ಕಣದಲ್ಲಿ ನನ್ನ ಎಡ ಮೊಣಕಾಲು ತಿರುಚಿಕೊಂಡಿತು. ಕೆಂಚನಗುಡ್ಡದಲ್ಲಿ ಎಲುಬು ಕಟ್ಟುವವನೊಬ್ಬ ಕಟ್ಟಿ, ಕುಂಟುತ್ತಾ ಓಡಾಡುವಷ್ಟು ಮಾಡಿದ. ಕುಂಟುವ ಪೈಲ್ವಾನನಿಗೆ ಗೌಡರು ಯಾಕೆ ಹಾಲು ಕುಡಿಸಿಯಾರು? ಹೆಂಡತಿ ಕೊಟ್ರಬಸಮ್ಮನನ್ನು ಕರೆದುಕೊಂಡು ಬಳ್ಳಾರಿಗೆ ಬಂದು, ಗರಡಿಯೊಂದರಲ್ಲಿ ಉಸ್ತಾದನಾದೆ.

ಉಸ್ತಾದನ ಬದುಕು ಬೇರೆ. ದಿನಾ ಬೆಳಗ್ಗೆ ಹುಡುಗರು ಸಾಲಾಗಿ ಬಂದು ಕಾಲು ಮುಟ್ಟುತ್ತಾರೆ. ನಾನು ಬಗ್ಗಿ ಕಣದ ಮಣ್ಣನ್ನು ಚಿಟಿಕೆ ತೆಗೆದು ಅವರ ಹಣೆಗೆ ಹಚ್ಚುತ್ತೇನೆ. ಒಮ್ಮೆ ಹಚ್ಚಿಸಿಕೊಂಡರೆ ಮುಗಿಯಿತು, ಅವನು ಸಾಯುವವರೆಗೂ ಶಿಷ್ಯ. ಉಸ್ತಾದನೆದುರು ಅವನು ತೊಡೆ ತಟ್ಟುವಂತಿಲ್ಲ, ಉಸ್ತಾದನೂ ಅವನ ಮೇಲೆ ಕುಸ್ತಿ ಹಿಡಿಯುವಂತಿಲ್ಲ. ಹನ್ನೆರಡು ವರ್ಷ ಹೀಗೆ ಹಚ್ಚಿದೆ. ನನ್ನ ಹುಡುಗರು ಊರೂರಲ್ಲಿ ಗೆದ್ದು ಬಂದರು. ಸಂತೋಷವೇ. ಆದರೆ ಪಟ್ಟು ಹೇಳಿಕೊಡುವಾಗ ನನಗೆ ಎದುರಿಗೆ ಕಾಣುತ್ತಿದ್ದವನು ಅವನೇ. 'ಇಲ್ಲಿ ಹಂಪಯ್ಯ ಎಡಕ್ಕೆ ಜಾರ್ತಾನ' ಎಂದುಬಿಡುತ್ತಿದ್ದೆ. ಹುಡುಗರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

"ನಿದ್ದಿಗಣ್ಣಾಗ ನನ್ನ ಹೆಸರು ಒಂದ್ಸಲನಾರ ಕರದೀರೇನ್ರಿ? ಬರೇ ಹಂಪಯ್ಯ, ಹಂಪಯ್ಯ! ಅವನ್ನೇ ಕಟ್ಕೋಬೇಕಿತ್ತು" ಎಂದು ಕೊಟ್ರಬಸಮ್ಮ ಮೂತಿ ತಿರುವುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ಆ ಒಂದು ಕುಸ್ತಿಗಾಗಿ ನನ್ನ ಜೀವ ಬಾಯಿ ಬಾಯಿ ಬಿಡುತ್ತಿತ್ತು. ಸೋತರೂ ಸೈ, ಅದೊಂದು ಮುಗಿಯಬೇಕಿತ್ತು.

ಹೋದ ಮಾಘದಲ್ಲಿ ಕುರುಗೋಡಿನ ಗಾಡಿಯವನೊಬ್ಬ ಸುದ್ದಿ ತಂದ. ಹಂಪಯ್ಯ ಸೋಮವಾರ ಬರುತ್ತಾನಂತೆ, ಉಳಿದ ಕುಸ್ತಿ ಹಿಡಿಯಬೇಕಂತೆ, ಗರಡಿಯಲ್ಲಿ ಬೇರೆ ಯಾರೂ ಇರಬಾರದಂತೆ. ಒಂದು ವಾರ ನನಗೆ ಅನ್ನ ರುಚಿಸಲಿಲ್ಲ. "ನಲವತ್ತು ದಾಟಿದ ಮ್ಯಾಲೆ ಎಂಥಾ ಹುಚ್ರೀ ಇದು!" ಎಂದು ಬೈಯುತ್ತಲೇ ಕೊಟ್ರಬಸಮ್ಮ ದಿನಾ ನನ್ನ ಮೊಣಕಾಲಿಗೆ ಬಿಸಿ ಹರಳೆಣ್ಣೆ ತಿಕ್ಕಿದಳು.

ಸೋಮವಾರ ಹುಡುಗರಿಗೆ ರಜೆ ಕೊಟ್ಟೆ. ಕಣವನ್ನು ನಾನೇ ಅಗೆದು, ನೀರು ಚಿಮುಕಿಸಿ ಹದ ಮಾಡಿದೆ. ಬಿಸಿಲೇರುವ ಹೊತ್ತಿಗೆ ಹಂಪಯ್ಯ ಬಾಗಿಲಲ್ಲಿ ನಿಂತ. ತಲೆ ನರೆತಿತ್ತು, ಹೊಟ್ಟೆ ಸ್ವಲ್ಪ ಬಂದಿತ್ತು, ಭುಜ ಮಾತ್ರ ಅದೇ ಭುಜ.

"ಏನಲೇ ಜೋಗ್ಯಾ, ಮುದುಕ ಆಗೀಯಲ್ಲೋ!"

"ನಿನ್ನ ಮಾರಿ ನೋಡ್ಕೊಂಡೀಯೇನಲೇ?"

ಇಬ್ಬರೂ ನಕ್ಕೆವು. ಹನ್ನೆರಡು ವರ್ಷದಲ್ಲಿ ನನ್ನನ್ನು 'ಲೇ' ಎಂದವರು ಒಬ್ಬರೂ ಇರಲಿಲ್ಲ. ಎದೆ ತುಂಬಿ ಬಂತು.

ಅವನು ಧೋತರ ಬಿಚ್ಚಿಟ್ಟು ಲಂಗೋಟಿ ಬಿಗಿದ. ಗೂಡಿನಲ್ಲಿದ್ದ ಹನುಮಪ್ಪನಿಗೆ ಕೈ ಮುಗಿದ. ಆಮೇಲೆ, ಪರರ ಗರಡಿಗೆ ಬಂದ ಯಾವ ಪೈಲ್ವಾನನಾದರೂ ಮಾಡುವಂತೆ, ನನ್ನ ಕಾಲಿನ ಕಡೆ ಬಗ್ಗಿದ. ಸಮಜೋಡಿಯವನು ಹಾಗೆ ಬಗ್ಗಿದಾಗ, ಅವನ ಕೈ ಕಾಲಿಗೆ ತಾಗುವ ಮೊದಲೇ ಭುಜ ಹಿಡಿದೆತ್ತಿ ಅಪ್ಪಿಕೊಳ್ಳಬೇಕು. ನನಗೆ ಗೊತ್ತಿಲ್ಲವೇ? ಗೊತ್ತು. ಆದರೆ ನನ್ನ ಹಾಳು ಕೈ ಕೇಳಬೇಕಲ್ಲ! ಅದು ತಾನಾಗಿಯೇ ಕೆಳಗೆ ಹೋಯಿತು, ಚಿಟಿಕೆ ಮಣ್ಣು ತೆಗೆಯಿತು, ಹಂಪಯ್ಯನ ಹಣೆಗೆ ಹಚ್ಚಿಬಿಟ್ಟಿತು.

ಹಂಪಯ್ಯ ಬಗ್ಗಿದವನು ಬಗ್ಗಿದಲ್ಲೇ ನಿಂತ.

"ಒರಸ್ಕೋಲೇ! ಯಾರೂ ನೋಡಿಲ್ಲ, ಒರಸ್ಕೋ!" ಎಂದು ಕಿರುಚಿದೆ.

ಅವನು ಮೆಲ್ಲಗೆ ನೆಟ್ಟಗಾದ. ಹಣೆ ಮುಟ್ಟಿ ನೋಡಿಕೊಂಡ, ಒರೆಸಿಕೊಳ್ಳಲಿಲ್ಲ. "ನಾವಿಬ್ರೂ ನೋಡೀವಲ್ರಿ" ಅಂದ.

ಆ 'ರಿ' ಕೇಳಿದ್ದೇ ನನಗೆ ಅಳು ತಡೆಯಲಾಗಲಿಲ್ಲ. "ಹಂಪಾ, ಲೇ ಅನ್ನೋ. ಒಂದ್ಸಲ ಅನ್ನೋ."

"ಉಸ್ತಾದರಿಗೆ ಹೆಂಗ ಅನ್ಲಿರಿ?" ಅವನ ಕಣ್ಣಲ್ಲೂ ನೀರಿತ್ತು. "ನಾನೂ ಹನ್ನೆರಡು ವರ್ಷ ಕಾದಿದ್ದೆ."

ಇನ್ನೇನು ಧೋತರ ಸುತ್ತಿಕೊಂಡು ಹೊರಡುತ್ತಾನೆ ಎಂದುಕೊಂಡೆ. ಅವನು ಹೋಗಿ ಕಣದ ಅಂಚಿನಲ್ಲಿ, ಹುಡುಗರು ನಿಲ್ಲುವ ಜಾಗದಲ್ಲಿ ಕೈಕಟ್ಟಿ ನಿಂತ.

"ಬಸ್ಕಿ ಎಷ್ಟು ಹೊಡೀಲ್ರಿ?"

"ನೂರು" ಎಂದೆ. ಬಾಯಿಗೆ ಬಂದದ್ದು ಅದೇ.

ಅವನು ಕೂತು ಏಳತೊಡಗಿದ. ನಾನು ಎಣಿಸತೊಡಗಿದೆ. ಅರವತ್ತಕ್ಕೆ ಉಸಿರು ಏರಿತು. ತೊಂಬತ್ತಕ್ಕೆ ತೊಡೆ ನಡುಗತೊಡಗಿತು. ನೂರಾಯಿತು. ಈಗ ಸಾಕು ಎಂದರೆ ಅವನು ಕುರುಗೋಡಿಗೆ ಹೋಗಿಬಿಡುತ್ತಾನೆ, ಇನ್ನು ಬರುವುದಕ್ಕೆ ಅವನಿಗೆ ಕಾರಣವೇ ಇಲ್ಲ.

"ನೂರಾ ಒಂದು" ಎಂದೆ.

ಹಂಪಯ್ಯ ನನ್ನ ಮುಖ ನೋಡಿದ. ಮತ್ತೆ ಕೂತು ಎದ್ದ.